ಗ್ರಾಮ ಸಭೆ: ಕೋರಂ ಆಗ್ತದೆ, ಚರ್ಚೆ ಆಗೂದಿಲ್ಲ

ಹೊಸ ಪಿಡಿಓ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಕುಮಟಾ ಕಡೆ:
ಗ್ರಾಮ ಸಭೆಯ ಕೋರಂಗೆ, ಅಂದರೆ ಕನಿಷ್ಠ ಹಾಜರಾತಿಗೆ, ಬೇಕಾದ ನೂರು ಜನ ಹೇಗೋ ಸೇರ್ತಾರೆ. ಮನೆ, ಬೀದಿದೀಪ ಅಂತ ಅರ್ಜಿ ಕೊಟ್ಟವರು ಹನ್ನೆರಡಕ್ಕೆಲ್ಲ ಎದ್ದು ಹೋಗ್ತಾರೆ. ಕ್ರಿಯಾ ಯೋಜನೆ (ವರ್ಷದ ಕಾಮಗಾರಿ ಪಟ್ಟಿ) ಓದುವ ಹೊತ್ತಿಗೆ ಕುರ್ಚಿ ಖಾಲಿ. ಮುಂದಿನ ಸಭೆಯಲ್ಲಿ "ನಾವು ಹೇಳಿದ್ದು ಒಂದೂ ಆಗ್ಲಿಲ್ಲ" ಅಂತ ಬೈಗುಳ ಮಾತ್ರ ನಮಗೆ. ಜನರ ಮಾತು ಯೋಜನೆಯೊಳಗೆ ಬರಬೇಕಾದರೆ ಏನು ಮಾಡಬೇಕು?

ಹೊನ್ನಾವರ_ಕಾರ್ಯದರ್ಶಿ:
ಸರ್, ವಾರ್ಡ್ ಸಭೆ ಬರೀ ರಿಜಿಸ್ಟರಿನಲ್ಲಿ ನಡೆದರೆ ಗ್ರಾಮ ಸಭೆ ಅರ್ಜಿ ಕೌಂಟರ್ ಆಗೇ ಆಗ್ತದೆ. ಬೇಡಿಕೆ ಹುಟ್ಟಬೇಕಾದ್ದು ವಾರ್ಡಿನಲ್ಲಿ, ಗ್ರಾಮ ಸಭೆಯಲ್ಲಿ ಆದ್ಯತೆ ಹಚ್ಚುವುದಷ್ಟೇ. ಹೊತ್ತು ನೋಡಿ ಇಡಿ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಮೀನು ಮಾರುವ ಹೆಂಗಸರು ಪೇಟೆಯಲ್ಲಿರ್ತಾರೆ, ಮಧ್ಯಾಹ್ನ ಮೂರರ ಮೇಲಾದರೆ ಬರ್ತಾರೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಆಗ ಗಂಡಸರೂ ಊರಲ್ಲೇ ಸಿಗ್ತಾರೆ. ಮಳೆಗೆ ಹೆದರಬೇಡಿ, ಅಂಗನವಾಡಿ ಜಗಲಿ ಸಾಕು.

ಘಟ್ಟದ_ಮೇಲಿಂದ (ಶಿರಸಿ):
ನಮ್ಮಲ್ಲಿ ಅಡಿಕೆ ಕೊಯ್ಲಿನ ಹೊತ್ತಲ್ಲಿ ಸಭೆ ಕರೆದರೆ ಬರುವವರು ಪಂಚಾಯತ್ ಸದಸ್ಯರು, ಗುತ್ತಿಗೆದಾರರು ಅಷ್ಟೇ.

ಇನ್ನೊಂದು, ಸಭೆ ಶುರುವಿಗೇ ಹಣದ ಲೆಕ್ಕ ಬೋರ್ಡಿನ ಮೇಲೆ ಬರೀರಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ (2021-26) ಶೇ. 60 ನಿರ್ಬಂಧಿತ ಆಗಿತ್ತು, ಅಂದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಿತ್ತು: ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಆ ಲೆಕ್ಕದಲ್ಲಿ 20 ಲಕ್ಷ ಬಂತು ಅಂದುಕೊಳ್ಳಿ, ಜನ ಬಾಯಿಬಿಟ್ಟು ಕೇಳುವ ರಸ್ತೆ, ಕಾಲುಸಂಕಕ್ಕೆ ಉಳಿಯೋದು 8 ಲಕ್ಷ. ಇದು ಗೊತ್ತಿಲ್ಲದೆ ನಲವತ್ತು ಬೇಡಿಕೆ ಬರೆಸಿಕೊಂಡರೆ ಬೈಗುಳ ನಾವೇ ಕರೆದು ತಂದ ಹಾಗೆ. ಎಂಟು ಲಕ್ಷ ಅಂತ ಕಂಡ ಮೇಲೆ ಕೇರಿ ಕೇರಿಯವರೇ ಜಗಳಾಡಿ ಆರಿಸ್ತಾರೆ. ಆ ಜಗಳವೇ ನಿಮಗೆ ಬೇಕಾದ ಚರ್ಚೆ.

ರಸ್ತೆ ಅರಣ್ಯ ಜಮೀನಿನಲ್ಲಿ ಹೋಗ್ತದೋ ಅಂತ ಮೊದಲೇ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ರಲ್ಲಿ ರಸ್ತೆ, ಶಾಲೆ, ಅಂಗನವಾಡಿ ಸೇರಿ 13 ಸೌಲಭ್ಯಕ್ಕೆ ದಾರಿ ಇದೆ. ಒಂದೊಂದಕ್ಕೂ ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮ ಸಭೆಯ ಶಿಫಾರಸು ಬೇಕೇ ಬೇಕು. ಕಡತ ಆರ್‌ಎಫ್‌ಓ (ವಲಯ ಅರಣ್ಯಾಧಿಕಾರಿ) ಮೂಲಕ ಡಿಎಫ್‌ಓಗೆ (ವಿಭಾಗದ ಅರಣ್ಯಾಧಿಕಾರಿ) ಹೋಗ್ತದೆ.

ಹೊಸ ಪಿಡಿಓ:
ಅದಕ್ಕೂ ನಮ್ಮ ಮಾಮೂಲಿ ನೂರು ಜನ ಸಾಕಾ?

ಘಟ್ಟದ_ಮೇಲಿಂದ:
ಇಲ್ಲ ಮಾರಾಯ್ರೇ, ಅಲ್ಲೇ ಎಲ್ಲರೂ ಎಡವೋದು. ಅಲ್ಲಿ ಗ್ರಾಮ ಸಭೆಯ ಅರ್ಧದಷ್ಟು ಸದಸ್ಯರು, ಅಂದರೆ ಊರಿನ ವಯಸ್ಕರಲ್ಲಿ ಅರ್ಧದಷ್ಟು ಜನ, ಹಾಜರಿರಬೇಕು. ಸಹಿ ಕಮ್ಮಿ ಬಿದ್ದರೆ ಕಡತ ವಾಪಸ್.

ಅಂಕೋಲಾ_ಬಿಲ್‌ಕಲೆಕ್ಟರ್:
ನಡಾವಳಿಯಲ್ಲಿ "ಪರಿಶೀಲಿಸಲಾಗುವುದು" ಅಂತ ಬರೆಯೋದು ಬಿಡಿ. ಆಗೂದಿಲ್ಲ ಅಂದರೆ ಆಗೂದಿಲ್ಲ, ಕಾರಣ ಒಂದು ಸಾಲು: ಖಾಸಗಿ ಜಾಗ, ಅನುದಾನ ನಿರ್ಬಂಧಿತ, ಲೋಕೋಪಯೋಗಿ ರಸ್ತೆ ಹೀಗೆ. ಮುಂದಿನ ಸಭೆಯಲ್ಲಿ ಹೊಸ ಅರ್ಜಿ ಮುಟ್ಟುವ ಮೊದಲು ಆ ಪಟ್ಟಿ ಗಟ್ಟಿಯಾಗಿ ಓದಿ. ಪಂಚಾಯತ್ ಸದಸ್ಯರು ಆಮೇಲೆ ಕಾಮಗಾರಿ ಬದಲಿಸಿದರೆ ತಡೆಯೋದು ನಮ್ಮ ಕೈಲಿಲ್ಲ, ಆದರೆ ಯಾವ ಠರಾವಿನಿಂದ ಬದಲಾಯ್ತು ಅನ್ನೋದನ್ನೂ ಓದಿಬಿಡಿ. ಪ್ರಶ್ನೆ ಆಮೇಲೆ ಹೋಗಬೇಕಾದವರ ಕಡೆಗೇ ಹೋಗ್ತದೆ.