ಓಡಲು ಶುರು ಮಾಡಿದ್ದೇನೆ, ಕಾಲು ನೋವು, ಏದುಸಿರು: ಮುಂಬೈ-ಪುಣೆಯ ಓಟಗಾರ್ತಿಯರೇ, ಸ್ವಲ್ಪ ಹೇಳಿಕೊಡಿ

ಡೊಂಬಿವಲಿಯಿಂದ ಪ್ರಶ್ನೆ: ವಯಸ್ಸು 41. ನಡೆಯುವ ಅಭ್ಯಾಸ ಇದೆ, ಓಟ ಹೊಸದು. ಎರಡೇ ನಿಮಿಷಕ್ಕೆ ಏದುಸಿರು ಬರುತ್ತದೆ. ಮೊಣಕಾಲ ಕೆಳಗೆ, ಎಲುಬಿನ ಒಳಬದಿಯಲ್ಲಿ ನೋವು. ಜನವರಿಯ ಮುಂಬೈ ಮ್ಯಾರಥಾನಿನಲ್ಲಿ ಚಿಕ್ಕ ಓಟವಾದ ಡ್ರೀಮ್ ರನ್‌ಗಾದರೂ ಹೋಗಬೇಕೆಂಬ ಆಸೆ. ಬಟ್ಟೆ, ಊಟ, ಮಳೆ, ಮುಟ್ಟಿನ ದಿನ, ಎಲ್ಲದರ ಬಗ್ಗೆಯೂ ಗೊತ್ತಿದ್ದವರು ಬಿಡಿಸಿ ಹೇಳಿ.

ಮಾಟುಂಗಾದಿಂದ: ಅಕ್ಕ, ಏದುಸಿರು ಬರುತ್ತಿದ್ದರೆ ನಿಮ್ಮಲ್ಲಿ ಶಕ್ತಿ ಇಲ್ಲ ಎಂದಲ್ಲ, ವೇಗ ಜಾಸ್ತಿಯಾಗಿದೆ ಎಂದು. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ಇನ್ನೂ ನಿಧಾನ ಮಾಡಿ, ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಚಿಂತೆಯಿಲ್ಲ. ಮೊದಲು 5 ನಿಮಿಷ ನಡಿಗೆ, ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 8 ಸಲ ಮಾಡಿ, ಕೊನೆಗೆ ಮತ್ತೆ 5 ನಿಮಿಷ ನಡೆಯಿರಿ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವಿರಲಿ. ಎರಡು ವಾರ ಆರಾಮಾಗಿ ಆಯಿತೆಂದರೆ ಓಟವನ್ನು 2 ನಿಮಿಷಕ್ಕೆ ಏರಿಸಿ. ಆಗದಿದ್ದರೆ ಅದೇ ವಾರವನ್ನು ಇನ್ನೊಮ್ಮೆ ಮಾಡಿ. ನಮ್ಮ ಮುಂಬೈ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹೃದಯ ಜೋರಾಗಿ ಬಡಿಯುತ್ತದೆ. ಆದ್ದರಿಂದ ಬೆಂಗಳೂರಿನ ತಂಗಿಯ ವೇಗದ ಜೊತೆ ನಿಮ್ಮದನ್ನು ಹೋಲಿಸಲೇ ಬೇಡಿ. ಶಿವಾಜಿ ಪಾರ್ಕಿನ ಸುತ್ತು ಸುಮಾರು 1.2 ಕಿ.ಮೀ., ಹೊಸಬರಿಗೆ ಒಳ್ಳೆಯ ಜಾಗ. ಸುಸ್ತಾದರೆ ಕಟ್ಟೆ ಪಕ್ಕದಲ್ಲೇ ಇದೆ.

ಮುಲುಂಡಿನಿಂದ: ನಿಮ್ಮ ಆ ಕಾಲು ನೋವು ಹೊಸಬರಲ್ಲಿ ತುಂಬಾ ಸಾಮಾನ್ಯ, ಶಿನ್ ಸ್ಪ್ಲಿಂಟ್ ಅನ್ನುತ್ತಾರೆ. ಎಲುಬು, ಸ್ನಾಯು ಒಗ್ಗಿಕೊಳ್ಳುವ ಮೊದಲೇ ದೂರ ಏರಿಸಿದರೆ ಬರುತ್ತದೆ. ಒಂದು ವಾರ ಓಟ ಬಿಟ್ಟು ನಡೆಯಿರಿ, ನೋವಿರುವ ಕಡೆ ಬಟ್ಟೆಯಲ್ಲಿ ಸುತ್ತಿದ ಐಸ್ 10-15 ನಿಮಿಷ ಇಡಿ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದನ್ನು 15ರಂತೆ ಎರಡು ಸಲ ಮಾಡಿ. ಆದರೆ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಅದು ಎಲುಬಿನ ಸಣ್ಣ ಬಿರುಕು ಇರಬಹುದು. ಶೂ ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಿ. ಕಾಲಿನ ಉದ್ದನೆಯ ಬೆರಳಿನ ಮುಂದೆ ಕೈಯ ಹೆಬ್ಬೆರಳ ಅಗಲ ಜಾಗ ಬೇಕು. 500-800 ಕಿ.ಮೀ. ಆದಮೇಲೆ ಅಡಿಭಾಗದ ಮೆತ್ತೆ ಸತ್ತಿರುತ್ತದೆ, ಮೇಲಿನಿಂದ ಹೊಸದರಂತೆ ಕಂಡರೂ ಬದಲಿಸಿ.

ಪುಣೆ, ಕೋಥ್ರೂಡಿನಿಂದ: ಶೂಗೆ ಸಾವಿರಗಟ್ಟಲೆ ಕೊಟ್ಟು ಸ್ಪೋರ್ಟ್ಸ್ ಬ್ರಾಗೆ ಲೆಕ್ಕ ಹಾಕುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಆಧಾರ ಹೆಚ್ಚಾಗಿ ಸಿಗುವುದು ಎದೆಯ ಕೆಳಗಿನ ಪಟ್ಟಿಯಿಂದ, ಭುಜದ ಪಟ್ಟಿಯಿಂದಲ್ಲ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಅಂಗಡಿಯಲ್ಲೇ ಎರಡೂ ಕೈ ಮೇಲೆತ್ತಿ ನೋಡಿ, ಪಟ್ಟಿ ಮೇಲೆ ಸರಿದರೆ ಸಡಿಲ. ನಾಲ್ಕು ಸಲ ಹಾರಿ ನೋಡಿ. ಆಳವಾಗಿ ಉಸಿರೆಳೆಯಲು ಕಷ್ಟವಾದರೆ ಬಿಗಿ. ಎದೆ ದೊಡ್ಡದಿದ್ದರೆ ಒತ್ತಿ ಹಿಡಿಯುವ ಬಗೆಗಿಂತ ಎರಡೂ ಕಪ್ ಬೇರೆ ಬೇರೆ ಇದ್ದು ಹಿಂದೆ ಕೊಕ್ಕೆ ಇರುವುದು ಒಳ್ಳೆಯದು. ಪಟ್ಟಿಯ ಅಡಿ, ಕಂಕುಳು, ತೊಡೆಯ ಒಳಬದಿಗೆ ಹೊರಡುವ ಮೊದಲು ವ್ಯಾಸಲೀನ್ ಸವರಿ. ಇಲ್ಲದಿದ್ದರೆ ಸ್ನಾನದ ನೀರು ಬಿದ್ದಾಗ ಉರಿ ತಡೆಯಲಾಗದು. ಹತ್ತಿಯ ಟೀ ಶರ್ಟ್ ಬೆವರು ಹೀರಿ ಭಾರವಾಗಿ ಮೈ ಉಜ್ಜುತ್ತದೆ, ಬೇಗ ಒಣಗುವ ಬಟ್ಟೆ ಇರಲಿ. ತೆಳು ಕುರ್ತಾ ಹಾಕಿದರೂ ಸರಿ, ದುಪಟ್ಟಾ ಮಾತ್ರ ಬೇಡ.

ಡೊಂಬಿವಲಿಯಿಂದ ಮತ್ತೆ: ತುಂಬಾ ಉಪಕಾರ. ಕೇಳಲು ಸಂಕೋಚ, ಓಡುವಾಗ ಒಂದೆರಡು ಹನಿ ಮೂತ್ರ ಹೋಗುತ್ತದೆ. ಇದಕ್ಕೆ ಏನು ಮಾಡಲಿ?

ಠಾಣೆಯಿಂದ: ಸಂಕೋಚ ಬೇಡ ಅಕ್ಕ, ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಇದಿದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ಹೊಟ್ಟೆಯ ಅಡಿಭಾಗವನ್ನು ಹೊತ್ತ ಸ್ನಾಯು ಸೋತಿರುತ್ತದೆ. ಮೂತ್ರ ತಡೆಯುವಂತೆ ಒಳಗಿನಿಂದ ಮೇಲಕ್ಕೆ ಎಳೆದು 5 ಸೆಕೆಂಡ್ ಹಿಡಿಯಿರಿ, 5 ಸೆಕೆಂಡ್ ಪೂರ್ತಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ತೊಡೆ-ಪೃಷ್ಠ ಬಿಗಿಯಬಾರದು. ಲೋಕಲ್ ರೈಲಿನಲ್ಲಿ ಕೂತೇ ಮಾಡಬಹುದು, ಯಾರಿಗೂ ಗೊತ್ತಾಗದು. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಅದಕ್ಕೆಂದು ನೀರು ಕುಡಿಯುವುದನ್ನು ಬಿಡಬೇಡಿ, ಮೂತ್ರ ಗಟ್ಟಿಯಾದಷ್ಟೂ ಅವಸರ ಹೆಚ್ಚು. ಕಡಿಮೆಯಾಗದಿದ್ದರೆ ಸ್ತ್ರೀರೋಗ ತಜ್ಞೆಯನ್ನೋ ಇದನ್ನು ಬಲ್ಲ ಫಿಸಿಯೋಥೆರಪಿಸ್ಟನ್ನೋ ಕಾಣಿ. ಈಚೆಗೆ ಹೆರಿಗೆಯಾದವರು ಇದನ್ನು ಓದುತ್ತಿದ್ದರೆ, ಮೂರು ತಿಂಗಳಿಗೆ ಮೊದಲು ಓಟ ಬೇಡ. ಆಮೇಲೂ ಡಾಕ್ಟರ್ ಸರಿ ಅಂದ ಮೇಲೆಯೇ.

ಘಾಟ್ಕೋಪರಿನಿಂದ: ಹೊರಡುವ ಅರ್ಧ ಗಂಟೆ ಮೊದಲು ಅರ್ಧ ಬಾಳೆಹಣ್ಣು ಅಥವಾ ಎರಡು ಖರ್ಜೂರ. ಬಂದಮೇಲೆ ಗಂಟೆಯೊಳಗೆ ಇಡ್ಲಿ-ಸಾಂಬಾರ್, ಮೊಳಕೆ ಉಸಲ್ ಅಥವಾ ಮೊಟ್ಟೆ, ಮನೆಯಲ್ಲಿ ಆಗಿದ್ದು. ಎಲ್ಲರ ತಿಂಡಿ ಮುಗಿದಮೇಲೆ ಉಳಿದದ್ದನ್ನು ತಿನ್ನುವ ಅಭ್ಯಾಸವನ್ನು ಓಟದ ದಿನವಾದರೂ ಬಿಡಿ. ಒಂದು ಗಂಟೆಯೊಳಗಿನ ಓಟಕ್ಕೆ ಬರೀ ನೀರು ಸಾಕು. ಓಆರ್‌ಎಸ್ ಬೇಕಾದರೆ ಡಬ್ಲ್ಯುಎಚ್‌ಓ ಸೂತ್ರದ 1 ಲೀಟರ್ ಪೊಟ್ಟಣವನ್ನು ಪೂರ್ತಿ ಲೀಟರಿಗೇ ಕಲಸಿ, ಲೋಟಕ್ಕೆ ಅಂದಾಜಿನಲ್ಲಿ ಹಾಕಬೇಡಿ. ನಿದ್ದೆ ಮಾಡಿದರೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಕೂಡ ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಬ್ಬಿಣಾಂಶ ಮೈಗೆ ಹತ್ತಲು ಸೊಪ್ಪು-ಕಾಳಿಗೆ ನಿಂಬೆ ಹಿಂಡಿ, ಚಹಾ ಒಂದು ಗಂಟೆ ಬಿಟ್ಟು ಕುಡಿಯಿರಿ. ಮುಟ್ಟಿನ ದಿನ ಓಡಬಾರದು ಎಂಬ ನಿಯಮವೇನೂ ಇಲ್ಲ. ಆದರೆ ಓಟ ಹೆಚ್ಚಿ ಊಟ ಸಾಲದೆ ಮೂರು ತಿಂಗಳು ಮುಟ್ಟು ನಿಂತರೆ ಸಂತೋಷಪಡುವ ವಿಷಯವಲ್ಲ, ಎಲುಬು ಸವೆಯುತ್ತದೆ, ಡಾಕ್ಟರಿಗೆ ತೋರಿಸಲೇಬೇಕು.

ಬೊರಿವಲಿಯಿಂದ: ಮಳೆಯಲ್ಲಿ ಪಾಚಿ ಕಟ್ಟಿದ ಪೇವರ್ ಬ್ಲಾಕ್, ಗಟಾರದ ಕಬ್ಬಿಣದ ಮುಚ್ಚಳ ಎರಡೂ ಜಾರುತ್ತವೆ, ಹೆಜ್ಜೆ ಚಿಕ್ಕದಿರಲಿ. ನಿಂತ ನೀರಿನಲ್ಲಿ ಕಾಲಿಡಬೇಡಿ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಗುಲಿದರೆ ಲೆಪ್ಟೋ (ಲೆಪ್ಟೋಸ್ಪೈರೋಸಿಸ್) ಎಂಬ ಜ್ವರ ಬರಬಹುದು. ತಪ್ಪಿಸಲಾಗದೆ ತುಳಿದರೆ ಸೋಪಿನಿಂದ ತೊಳೆದು, 72 ಗಂಟೆಯೊಳಗೆ ಡಾಕ್ಟರನ್ನು ಕೇಳಿ ಮುಂಜಾಗ್ರತೆಯ ಮಾತ್ರೆ ತೆಗೆದುಕೊಳ್ಳಿ. ಒದ್ದೆ ಶೂನೊಳಗಿನ ಇನ್‌ಸೋಲ್ ತೆಗೆದು, ಹಳೆ ಪೇಪರ್ ತುರುಕಿ, ಫ್ಯಾನಿನ ಕೆಳಗಿಡಿ.

ದಾದರಿನಿಂದ: ಡ್ರೀಮ್ ರನ್ ಸುಮಾರು 6 ಕಿ.ಮೀ., ನಡೆದೂ ಮುಗಿಸಬಹುದು. ಇಲ್ಲಿಯವರೆಗೆ ಹೇಳಿದ ಓಟ-ನಡಿಗೆಯಲ್ಲೇ ನಿಮ್ಮಿಂದ ಖಂಡಿತ ಆಗುತ್ತದೆ. ನೋಂದಣಿ ತಿಂಗಳುಗಟ್ಟಲೆ ಮೊದಲೇ ನಡೆಯುತ್ತದೆ, ಕಣ್ಣಿಟ್ಟಿರಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7 ಗಂಟೆ ದಾಟಿದ ಮೇಲೆ. ಕತ್ತಲಲ್ಲಿ ಅಭ್ಯಾಸ ಮಾಡುವುದಾದರೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ, ಎದುರಿನಿಂದ ವಾಹನ ಬರುವ ಬದಿಯಲ್ಲೇ ಓಡಿ, ಒಂದು ಕಿವಿ ಖಾಲಿ ಇರಲಿ, ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿ, ತೊಂದರೆಯಾದರೆ 112. ನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ, ದಿಟ್ಟಿಸಿ ನೋಡದೆ ನಿಧಾನಕ್ಕೆ ನಡೆದು ದಾಟಿ. ಕಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಚುಚ್ಚುಮದ್ದು ಹಾಕಿಸಿಕೊಳ್ಳಿ. ಭಾನುವಾರ ಬೆಳಗ್ಗೆ ಶಿವಾಜಿ ಪಾರ್ಕಿಗೆ ಬರುವುದಾದರೆ ವಾಪಸಾಗುವಾಗ ಮೆಗಾ ಬ್ಲಾಕ್ (ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವುದು) ಇದೆಯೋ ನೋಡಿಕೊಂಡು ಹೊರಡಿ.