ಹೊಸ ಸರ್ವರ್ ಬಂದ ದಿನವೇ ಮಾನಿಟರಿಂಗ್‌ಗೆ ತಾನಾಗಿ ಸೇರಬೇಕು, ಹೇಗೆ?

ಪ್ರಶ್ನೆ (ಕುಶಾಲನಗರದಿಂದ):

ಮೇಡಂ, ನಮಸ್ಕಾರ. ನಮ್ಮದು ಆರು ಜನರ ಚಿಕ್ಕ ಆಫೀಸು. ಕಾಫಿ ವ್ಯಾಪಾರಿಗಳಿಗೆ, ಹೋಂಸ್ಟೇಯವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ವರ್ಚುವಲ್ ಸರ್ವರ್. ಈಗ 40 ದಾಟಿವೆ. ಸರ್ವರ್ ಸೆಟಪ್ ಎಲ್ಲ ಆನ್ಸಿಬಲ್ ಎಂಬ ಆಟೊಮೇಷನ್ ಟೂಲ್‌ನಲ್ಲಿ ಆಗುತ್ತದೆ. ಸರ್ವರ್‌ಗಳ ಮೇಲೆ ಕಣ್ಣಿಡಲು ಪ್ರೊಮಿಥಿಯಸ್, ಅದರ ಅಂಕಿಗಳನ್ನು ಚಿತ್ರವಾಗಿ ನೋಡಲು ಗ್ರಫಾನಾ, ಎರಡೂ ಇವೆ. ಆದರೆ ಹೊಸ ಸರ್ವರನ್ನು ಪ್ರೊಮಿಥಿಯಸ್‌ಗೆ ಸೇರಿಸುವುದು ಮಾತ್ರ ಇನ್ನೂ ಕೈಯಲ್ಲೇ. ಕಳೆದ ತಿಂಗಳು ಒಂದನ್ನು ಸೇರಿಸಲು ಮರೆತೆ. ಅದರ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಯಿತು. ಶನಿವಾರ ಸಂಜೆ, ಹೋಂಸ್ಟೇ ತುಂಬ ಜನ. ಗ್ರಾಹಕರೇ ಫೋನ್ ಮಾಡಿದ ಮೇಲೆ ನಮಗೆ ಗೊತ್ತಾಯಿತು. ತುಂಬ ಬೇಜಾರಾಗಿದೆ. ಮರೆಯೋಕೇ ಆಗದ ಹಾಗೆ ಇದನ್ನು ಮಾಡುವುದು ಹೇಗೆ?

ಉತ್ತರ:

ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಇದು ನಿಮ್ಮ ನೆನಪಿನ ತಪ್ಪಲ್ಲ. ನಿಮ್ಮಲ್ಲಿ ಸರ್ವರ್‌ಗಳ ಪಟ್ಟಿ ಎರಡು ಕಡೆ ಇದೆ. ಒಂದು ಆನ್ಸಿಬಲ್ ಇನ್ವೆಂಟರಿ, ಇನ್ನೊಂದು ಪ್ರೊಮಿಥಿಯಸ್ ಕಾನ್ಫಿಗ್. ಎರಡು ಪಟ್ಟಿ ಇದ್ದರೆ ಒಂದಲ್ಲ ಒಂದು ದಿನ ಅವು ತಾಳೆಯಾಗುವುದಿಲ್ಲ.

ನಮ್ಮ ತೋಟಗಳಲ್ಲಿ ನೋಡಿ. ಹೊಸ ಆಳು ಬಂದ ದಿನವೇ ರೈಟರ್ (ತೋಟದ ಗುಮಾಸ್ತರು) ಚೆಕ್‌ರೋಲ್‌ನಲ್ಲಿ ಹೆಸರು ಬರೆಯುತ್ತಾರೆ. ಹಾಜರಿ ಹಾಕುವುದೂ ಅದರಲ್ಲೇ, ಸಂಬಳ ಲೆಕ್ಕ ಹಾಕುವುದೂ ಅದನ್ನೇ ನೋಡಿ. ನಿಮಗೂ ಅಂಥ ಒಂದೇ ಪುಸ್ತಕ ಬೇಕು. ಅದು ಇನ್ವೆಂಟರಿಯೇ ಆಗಲಿ. ಪ್ರೊಮಿಥಿಯಸ್‌ನ ಪಟ್ಟಿಯನ್ನು ಇನ್ನು ಮುಂದೆ ಯಾರೂ ಕೈಯಲ್ಲಿ ಮುಟ್ಟಬಾರದು.

ಮಾಡುವ ಕ್ರಮ ಹೀಗೆ. ಸರ್ವರ್‌ನ ಅಂಕಿಗಳನ್ನು ಪ್ರೊಮಿಥಿಯಸ್‌ಗೆ ಒದಗಿಸುವ ಚಿಕ್ಕ ಪ್ರೋಗ್ರಾಂ ನೋಡ್ ಎಕ್ಸ್‌ಪೋರ್ಟರ್. ಅದನ್ನು ಹಾಕುವುದಕ್ಕೆ ಬೇರೆ ಪ್ಲೇಬುಕ್ (ಆನ್ಸಿಬಲ್ ಮಾಡಬೇಕಾದ ಕೆಲಸಗಳ ಪಟ್ಟಿ) ಇಟ್ಟುಕೊಳ್ಳಬೇಡಿ. ಬೇರೆ ಇಟ್ಟರೆ ಅದನ್ನು ಓಡಿಸಲೂ ಮರೆಯುತ್ತೀರಿ. ಎಲ್ಲ ಸರ್ವರ್‌ಗೂ ಓಡುವ ಮೂಲ ರೋಲ್ ಇದೆಯಲ್ಲ, ಯೂಸರ್, ಎಸ್‌ಎಸ್‌ಎಚ್ ಕೀ, ಫೈರ್‌ವಾಲ್ ಎಲ್ಲ ಹಾಕುವಂಥದ್ದು, ಅದರೊಳಗೇ ಸೇರಿಸಿ. ಅದರ 9100 ಪೋರ್ಟ್ ಮಾನಿಟರಿಂಗ್ ಸರ್ವರ್‌ನ ವಿಳಾಸಕ್ಕೆ ಮಾತ್ರ ತೆರೆದಿರಲಿ. ಇಡೀ ಇಂಟರ್ನೆಟ್‌ಗೆ ತೆರೆದಿಟ್ಟ ಸರ್ವರ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ದಯವಿಟ್ಟು ಹಾಗೆ ಬಿಡಬೇಡಿ.

ಆಮೇಲೆ ಪ್ರೊಮಿಥಿಯಸ್‌ನಲ್ಲಿ ಫೈಲ್ ಆಧಾರಿತ ಸರ್ವಿಸ್ ಡಿಸ್ಕವರಿ ಬಳಸಿ. ಟಾರ್ಗೆಟ್‌ಗಳ (ಕಣ್ಣಿಡಬೇಕಾದ ಸರ್ವರ್‌ಗಳ) ಪಟ್ಟಿ ಒಂದು ಜೇಸನ್ ಫೈಲಿನಲ್ಲಿರುತ್ತದೆ. ಫೈಲ್ ಬದಲಾದರೆ ಪ್ರೊಮಿಥಿಯಸ್ ತಾನೇ ಓದಿಕೊಳ್ಳುತ್ತದೆ, ರೀಸ್ಟಾರ್ಟ್ ಬೇಡ. ಫೈಲಿನ ಬರವಣಿಗೆ ಕೆಟ್ಟಿದ್ದರೆ ಆ ಬದಲಾವಣೆಯನ್ನು ತೆಗೆದುಕೊಳ್ಳುವುದಿಲ್ಲ, ಹಳೆಯ ಪಟ್ಟಿಯಲ್ಲೇ ಮುಂದುವರಿಯುತ್ತದೆ. ಈ ಫೈಲನ್ನು ಆನ್ಸಿಬಲ್ ಟೆಂಪ್ಲೇಟ್‌ನಿಂದ, ಇಡೀ ಇನ್ವೆಂಟರಿ ನೋಡಿ, ಪ್ರತಿ ಸಲವೂ ಹೊಸದಾಗಿ ಬರೆಸಿ. ಸರ್ವರ್‌ಗೆ ಒಂದೊಂದು ಫೈಲ್ ಮಾಡುವವರೂ ಇದ್ದಾರೆ. ಅದರಲ್ಲಿ ತೆಗೆದುಹಾಕಿದ ಸರ್ವರ್‌ನ ಫೈಲ್ ಹಾಗೇ ಉಳಿದು, ಇಲ್ಲದ ಸರ್ವರ್ ಬಗ್ಗೆ ರಾತ್ರಿ ಅಲರ್ಟ್ ಬರುತ್ತಿರುತ್ತದೆ.

ಒಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಟೆಂಪ್ಲೇಟ್‌ನಲ್ಲಿ ಐಪಿ ವಿಳಾಸವನ್ನು ಆನ್ಸಿಬಲ್ ಸಂಗ್ರಹಿಸುವ ಫ್ಯಾಕ್ಟ್‌ಗಳಿಂದ (ಓಡುವಾಗ ಸರ್ವರ್‌ನಿಂದಲೇ ಕೇಳಿ ಪಡೆಯುವ ವಿವರಗಳಿಂದ) ತೆಗೆಯಬೇಡಿ. ಹೊಸ ಸರ್ವರ್ ಒಂದಕ್ಕೇ ಲಿಮಿಟ್ ಹಾಕಿ ಓಡಿಸಿದಾಗ ಉಳಿದ 40ರ ಫ್ಯಾಕ್ಟ್‌ಗಳು ಆ ಓಟದಲ್ಲಿ ಇರುವುದಿಲ್ಲ. ಟೆಂಪ್ಲೇಟ್ ಎರರ್ ಕೊಟ್ಟು ನಿಂತರೆ ಪುಣ್ಯ. ಖಾಲಿ ವಿಳಾಸ ಬರೆದುಬಿಟ್ಟರೆ ಹಳೆಯ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಪಟ್ಟಿಯಿಂದ ಹೋಗುತ್ತವೆ. ವಿಳಾಸವನ್ನು ಇನ್ವೆಂಟರಿಯಲ್ಲೇ ಬರೆದಿಡಿ, ಅಲ್ಲಿಂದಲೇ ಓದಿಸಿ.

ಕೊನೆಯ ಟಾಸ್ಕ್ ನನಗೆ ತುಂಬ ಮುಖ್ಯ. ಪ್ಲೇಬುಕ್ ಮುಗಿಯುವ ಮುಂಚೆ ಅದು ಪ್ರೊಮಿಥಿಯಸ್‌ನ ಎಪಿಐಗೆ (ಬೇರೆ ಪ್ರೋಗ್ರಾಂಗಳು ಪ್ರಶ್ನೆ ಕೇಳುವ ದಾರಿ) ಕೇಳಬೇಕು: ಈ ಸರ್ವರ್‌ನ ‘ಅಪ್’ ಬೆಲೆ 1 ಇದೆಯಾ, ಅಂದರೆ ಅದರಿಂದ ಅಂಕಿ ಸಿಗುತ್ತಿದೆಯಾ? ಡಿಫಾಲ್ಟ್‌ನಲ್ಲಿ ಪ್ರೊಮಿಥಿಯಸ್ ನಿಮಿಷಕ್ಕೊಮ್ಮೆ ಸರ್ವರ್‌ನಿಂದ ಅಂಕಿ ಎಳೆಯುತ್ತದೆ, ಅದಕ್ಕೆ ಮೂರ್ನಾಲ್ಕು ನಿಮಿಷದವರೆಗೆ ಮತ್ತೆ ಮತ್ತೆ ಕೇಳಲಿ. 1 ಬರದಿದ್ದರೆ ಪ್ಲೇಬುಕ್ ಫೇಲ್ ಆಗಲಿ. ಮಾನಿಟರಿಂಗ್‌ನಲ್ಲಿ ಕಾಣದ ಸರ್ವರನ್ನು ಗ್ರಾಹಕರ ಕೈಗೆ ಕೊಡಲೇಬಾರದು.

ಮರುಪ್ರಶ್ನೆ:

ತುಂಬ ಥ್ಯಾಂಕ್ಸ್ ಮೇಡಂ. ಎರಡು ಸಂಶಯ ಇದೆ. ಅವಸರದಲ್ಲಿ ನಮ್ಮ ಹುಡುಗರು ಆನ್ಸಿಬಲ್ ಬಿಟ್ಟು ಸರ್ವರ್ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲೇ ಸರ್ವರ್ ಮಾಡಿಬಿಡುತ್ತಾರೆ. ಅದು ಇನ್ವೆಂಟರಿಗೇ ಬರುವುದಿಲ್ಲ. ಎರಡನೆಯದು, ಪ್ರೊಮಿಥಿಯಸ್ ಇರುವುದು ನಮ್ಮ ಆಫೀಸಿನ ಒಂದು ಹಳೆಯ ಕಂಪ್ಯೂಟರಿನಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ಏನು ಮಾಡುವುದು?

ಉತ್ತರ:

ಒಳ್ಳೆಯ ಪ್ರಶ್ನೆಗಳು. ಮೊದಲನೆಯದರಲ್ಲೇ ನಿಜವಾದ ಅಪಾಯ ಇದೆ. ಪಟ್ಟಿಯಲ್ಲಿರುವ ಸರ್ವರ್ ಬಿದ್ದರೆ ‘ಅಪ್’ 0 ಆಗುತ್ತದೆ, ಅಲರ್ಟ್ ಬರುತ್ತದೆ. ಪಟ್ಟಿಯಲ್ಲೇ ಇಲ್ಲದ ಸರ್ವರ್‌ಗೆ 0 ಕೂಡ ಇಲ್ಲ. ಅದು ಬಿದ್ದರೂ ನಿಮ್ಮ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗೇ ಇರುತ್ತದೆ. ಶನಿವಾರ ನಿಮಗೆ ಆಗಿದ್ದು ಇದೇ ಅಲ್ವಾ?

ಅದಕ್ಕೆ ಉಲ್ಟಾ ಕಡೆಯಿಂದಲೂ ತಾಳೆ ನೋಡಬೇಕು. ಸರ್ವರ್ ಬಾಡಿಗೆಗೆ ಕೊಡುವ ಕಂಪನಿಯ ಎಪಿಐಯಿಂದ, ನಿಮ್ಮ ಹೆಸರಿನಲ್ಲಿ ಓಡುತ್ತಿರುವ ಎಲ್ಲ ಸರ್ವರ್‌ಗಳ ಪಟ್ಟಿ ತರಿಸಿ. ಪ್ರೊಮಿಥಿಯಸ್‌ನ ಟಾರ್ಗೆಟ್ ಪಟ್ಟಿಯ ಪಕ್ಕ ಇಡಿ. ಅಲ್ಲಿದ್ದು ಇಲ್ಲಿಲ್ಲದ್ದು ಯಾವುದು ಅಂತ ನೋಡುವ ಚಿಕ್ಕ ಸ್ಕ್ರಿಪ್ಟ್ ಸಾಕು, ಇಪ್ಪತ್ತು ಮೂವತ್ತು ಸಾಲು. ಗಂಟೆಗೊಮ್ಮೆ ಕ್ರಾನ್‌ನಲ್ಲಿ ಓಡಲಿ. ವ್ಯತ್ಯಾಸ ಕಂಡರೆ ನಿಮ್ಮ ಗ್ರೂಪಿಗೆ ಮೆಸೇಜ್ ಬರಲಿ. ದುಡ್ಡು ಕಟ್ಟುತ್ತಿರುವ ಸರ್ವರ್ ಆ ಕಂಪನಿಯ ಲೆಕ್ಕದಲ್ಲಿ ಇದ್ದೇ ಇರುತ್ತದೆ, ಅದಕ್ಕೇ ಆ ಪಟ್ಟಿಯನ್ನು ನಂಬಬಹುದು. ಹುಡುಗರಿಗೆ ಬೈಯುವುದಕ್ಕಿಂತ ಇದು ಒಳ್ಳೆಯದು.

ಎರಡನೆಯದಕ್ಕೆ: ಪ್ರೊಮಿಥಿಯಸ್ಸನ್ನು ಆಫೀಸಿನಿಂದ ತೆಗೆಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಹೊಸದೇನಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಏನಾಯಿತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಾನಿಟರಿಂಗ್ ಡೇಟಾ ಸೆಂಟರಿನಲ್ಲಿರಲಿ. ಆದರೆ ಗ್ರಾಹಕರ ಸರ್ವರ್‌ಗಳ ಜಾಗದಲ್ಲೇ ಬೇಡ, ಬೇರೆ ಕಡೆ ಇಡಿ. ಎರಡೂ ಒಟ್ಟಿಗೆ ಬಿದ್ದರೆ ಹೇಳುವವರೇ ಇರುವುದಿಲ್ಲ.

ಜೊತೆಗೆ ಯಾವಾಗಲೂ ಹೊಡೆಯುತ್ತಲೇ ಇರುವ ಒಂದು ಅಲರ್ಟ್ ಮಾಡಿ. ಅದು ಅಲರ್ಟ್‌ಮ್ಯಾನೇಜರ್ (ಪ್ರೊಮಿಥಿಯಸ್‌ನ ಅಲರ್ಟ್‌ಗಳನ್ನು ಕಳಿಸುವ ಪ್ರೋಗ್ರಾಂ) ಮೂಲಕ ಹೊರಗಿನ ಒಂದು ಸೇವೆಗೆ ಕೆಲವು ನಿಮಿಷಕ್ಕೊಮ್ಮೆ ಹೋಗುತ್ತಿರಲಿ. ರಿಪೀಟ್ ಅವಧಿ ಡಿಫಾಲ್ಟ್‌ನಲ್ಲಿ 4 ಗಂಟೆ ಇರುತ್ತದೆ, ಈ ಒಂದಕ್ಕೆ ಮಾತ್ರ ಕಡಿಮೆ ಮಾಡಿ. ಅದು ನಿಂತರೆ ಆ ಸೇವೆ ನಿಮಗೆ ಫೋನ್ ಮಾಡುತ್ತದೆ. ಅಂದರೆ ಮಾನಿಟರಿಂಗೇ ಸತ್ತಿದೆ ಅಂತ ಅರ್ಥ.

ಇನ್ನೊಬ್ಬ ಸದಸ್ಯರು (ವಿರಾಜಪೇಟೆ):

ಅಕ್ಕ, ನಾವು ಹೀಗೇ ಮಾಡಿದೆವು. ಆದರೆ ಹೊಸ ಸರ್ವರ್ ಸೇರಿದ ದಿನ ಡೇಟಾ ಇಂಪೋರ್ಟ್ ನಡೆಯುತ್ತಿರುತ್ತದೆ, ಸಿಪಿಯು, ಡಿಸ್ಕ್ ಎಲ್ಲ ಮೇಲೆ. ರಾತ್ರಿಯಿಡೀ ಅಲರ್ಟ್. ಕೊನೆಗೆ ಮ್ಯೂಟ್ ಮಾಡಿಬಿಟ್ಟೆವು.

ಉತ್ತರ:

ಮ್ಯೂಟ್ ಬೇಡ, ತೆಗೆಯಲು ಮರೆಯುತ್ತೀರಿ. ಇನ್ವೆಂಟರಿಯಲ್ಲಿ ಪ್ರತಿ ಸರ್ವರ್‌ಗೂ ಒಂದು ಹಂತ ಬರೆಯಿರಿ: ‘ತಯಾರಿ’ ಅಥವಾ ‘ಚಾಲ್ತಿ’. ಅದು ಟಾರ್ಗೆಟ್ ಫೈಲಿನಲ್ಲಿ ಲೇಬಲ್ ಆಗಿ ಬರಲಿ. ತಯಾರಿಯದ್ದು ಗ್ರೂಪಿಗೆ ಮೆಸೇಜ್ ಆಗಿ ಮಾತ್ರ ಹೋಗಲಿ, ಚಾಲ್ತಿಯದ್ದು ಫೋನಿಗೆ. ಗ್ರಾಹಕರಿಗೆ ಒಪ್ಪಿಸುವ ದಿನ ಆ ಒಂದು ಪದ ಬದಲಿಸಿ ಪ್ಲೇಬುಕ್ ಓಡಿಸಿ. ಡಿಸ್ಕ್ ಅಲರ್ಟನ್ನು ಶೇಕಡಾ 80 ಅಂತ ಇಡುವ ಬದಲು, ಕಳೆದ 6 ಗಂಟೆಯ ಓಟ ನೋಡಿ ಮುಂದಿನ 24 ಗಂಟೆಯಲ್ಲಿ ತುಂಬುತ್ತದಾ ಅಂತ ಲೆಕ್ಕ ಹಾಕಿಸಿ. ಪ್ರಿಡಿಕ್ಟ್ ಲೀನಿಯರ್ ಫಂಕ್ಷನ್ ಇರುವುದು ಅದಕ್ಕೇ.

ಕುಶಾಲನಗರದಿಂದ ಮತ್ತೆ:

ಮೇಡಂ, ತಾಳೆ ನೋಡುವ ಸ್ಕ್ರಿಪ್ಟ್ ಇವತ್ತೇ ಬರೆದೆ. ಮೂರು ಸರ್ವರ್ ಪಟ್ಟಿಯಲ್ಲಿ ಇರಲೇ ಇಲ್ಲ! ಎರಡು ಗ್ರಾಹಕರದ್ದು, ಈಗಲೇ ಸೇರಿಸಿದೆ. ಮೂರನೆಯದು ಯಾರದ್ದು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಉತ್ತರ:

ಅದನ್ನೂ ಈಗಲೇ ಮಾನಿಟರಿಂಗ್‌ಗೆ ಸೇರಿಸಿ. ಯಾರು ಲಾಗಿನ್ ಆಗಿದ್ದಾರೆ, ಯಾವ ಪೋರ್ಟಿಗೆ ಕನೆಕ್ಷನ್ ಬರುತ್ತಿದೆ ಅಂತ ಒಂದು ವಾರ ನೋಡಿ. ಏನೂ ಕಾಣದಿದ್ದರೆ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಪ್ರತಿ) ತೆಗೆದು ಆಫ್ ಮಾಡಿ, ಡಿಲೀಟ್ ಬೇಡ. ತಿಂಗಳ ಬಿಲ್ಲಿಂಗ್ ಒಂದು ಸುತ್ತು ಮುಗಿಯುವವರೆಗೂ ಯಾರೂ ಕೇಳದಿದ್ದರೆ ಆಮೇಲೆ ತೆಗೆಯಿರಿ.