ಆರು ಅಡಿಯ ಅಕ್ವೇರಿಯಂಗೆ ಪೈಪು, ಪಂಪು, ಸಂಪ್: ಅನುಭವ ಇರುವವರು ದಯವಿಟ್ಟು ತಿಳಿಸಿ

ಕೋರಿಕೆ

ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗಾಜಿನ ಟ್ಯಾಂಕ್ ಮಾಡಿಸಲು ಹೊರಟಿದ್ದೇನೆ. ಸಿಹಿನೀರಿನ ಮೀನುಗಳು, ಜೊತೆಗೆ ಒಂದಷ್ಟು ಸಸ್ಯಗಳು ಇರುತ್ತವೆ. ಅಡಿಯ ಕಪಾಟಿನಲ್ಲಿ ಸಂಪ್, ಅಂದರೆ ನೀರು ಸೋಸುವ ಇನ್ನೊಂದು ಟ್ಯಾಂಕ್ ಇಟ್ಟು, ಮೇಲಿನ ನೀರು ತಾನಾಗಿ ಅದಕ್ಕೆ ಇಳಿದು, ಸೋಸಿಕೊಂಡು, ಪಂಪಿನ ಮೂಲಕ ಮತ್ತೆ ಮೇಲೇರುವಂತೆ ಮಾಡಬೇಕೆಂದಿದ್ದೇನೆ. ಗಾಜಿಗೆ ಎಷ್ಟು ರಂಧ್ರ ಬೇಕು, ಪೈಪಿನ ಅಳತೆ ಎಷ್ಟಿರಬೇಕು, ಗಂಟೆಗೆ ಎಷ್ಟು ಲೀಟರಿನ ಪಂಪು ಕೊಳ್ಳಬೇಕು ಎಂಬುದನ್ನು ಇಂಥ ಟ್ಯಾಂಕ್ ನಡೆಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ

ನನ್ನದೂ ಇದೇ ಅಳತೆಯ ಟ್ಯಾಂಕ್. ನೀವು ಪಂಪಿನ ಬಗ್ಗೆ ಕೇಳಿದ್ದೀರಿ. ನಾನು ಪಂಪು ನಿಂತಾಗ ಏನಾಗುತ್ತದೆ ಎಂಬಲ್ಲಿಂದ ಆರಂಭಿಸುತ್ತೇನೆ, ಏಕೆಂದರೆ ನಾನು ಪಾಠ ಕಲಿತದ್ದು ಅಲ್ಲಿಯೇ.

ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದರೆ ಸುಮಾರು 680 ಲೀಟರ್ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಲೆಕ್ಕ ಬೇರೊಂದಿದೆ: ನೀರಿನ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 11 ಲೀಟರ್ ಕೆಳಗೆ ಬರುತ್ತದೆ. ನಾನು ನೀರು ಹಿಂದಿರುಗುವ ಪೈಪಿನ ಬಾಯಿಯನ್ನು, ಮೇಲ್ಮೈಯಲ್ಲಿ ಸದ್ದಾಗಬಾರದೆಂದು, ಎಂಟು ಸೆಂಟಿಮೀಟರ್ ಆಳದಲ್ಲಿ ಇಟ್ಟಿದ್ದೆ. ಒಂದು ರಾತ್ರಿ ವಿದ್ಯುತ್ ಹೋಯಿತು. ಪಂಪು ನಿಂತ ಕೂಡಲೇ ಅದೇ ಪೈಪು ಸೈಫನ್ ಆಗಿ ಮೇಲಿನ ನೀರನ್ನು ಹಿಂದಕ್ಕೆ ಎಳೆಯತೊಡಗಿತು, ಬಾಯಿ ನೀರಿನಿಂದ ಹೊರಗೆ ಬರುವವರೆಗೂ ಎಳೆಯಿತು. ಇಳಿದದ್ದು 88 ಲೀಟರ್. ಸಂಪಿನಲ್ಲಿ ಖಾಲಿ ಇದ್ದದ್ದು 43 ಲೀಟರಿನ ಜಾಗ. ಮಿಕ್ಕಿದ್ದು ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ನೀರು ಹಿಂದೆ ಬಾರದಿರಲೆಂದೇ ಚೆಕ್ ವಾಲ್ವ್ ಹಾಕಿಸಿದ್ದೆ. ಮರುದಿನ ಬಿಚ್ಚಿ ನೋಡಿದರೆ, ಅದರ ಮುಚ್ಚಳಕ್ಕೂ ಅಂಚಿಗೂ ನಡುವೆ ಮೆಣಸಿನ ಕಾಳಿನಷ್ಟು ದೊಡ್ಡ ಬಸವನಹುಳುವೊಂದು ಸಿಕ್ಕಿಕೊಂಡಿತ್ತು.

ಆದ್ದರಿಂದ ಚೆಕ್ ವಾಲ್ವನ್ನು ನಂಬಿ ಸಂಪಿನ ಅಳತೆ ನಿರ್ಧರಿಸಬೇಡಿ. ಹಿಂದಿರುಗುವ ಪೈಪಿನ ಬಾಯಿ ನೀರಿನ ಮೇಲ್ಮೈಯಿಂದ ಎರಡು ಸೆಂಟಿಮೀಟರಿಗಿಂತ ಕೆಳಗೆ ಹೋಗದಿರಲಿ. ಅಥವಾ ಮೇಲ್ಮೈಗೆ ತಾಗಿದಂತೆ ಪೈಪಿನಲ್ಲಿ ಐದಾರು ಮಿಲಿಮೀಟರಿನ ರಂಧ್ರ ಕೊರೆಯಿರಿ, ಮಟ್ಟ ಅಲ್ಲಿಗೆ ಇಳಿದೊಡನೆ ಗಾಳಿ ಒಳಹೊಕ್ಕು ಸೈಫನ್ ಮುರಿಯುತ್ತದೆ. ಆ ರಂಧ್ರದಲ್ಲಿ ಪಾಚಿ ಕಟ್ಟಿಕೊಳ್ಳುವುದರಿಂದ ಆಗಾಗ ಕಡ್ಡಿ ಹಾಕಿ ಬಿಡಿಸಬೇಕು. ಇದಿಷ್ಟರ ಮೇಲೆ, ಇಳಿಯಬಹುದಾದ ನೀರಿನ ಒಂದೂವರೆಯಷ್ಟು ಜಾಗವನ್ನು ಸಂಪಿನಲ್ಲಿ ಸದಾ ಖಾಲಿ ಬಿಡಿ.

ಇನ್ನು ಪಂಪು. ಸಂಪಿನ ಮೂಲಕ ಗಂಟೆಗೆ ನಾಲ್ಕೈದು ಸುತ್ತು ನೀರು ಹರಿದರೆ ಸೋಸುವುದಕ್ಕೆ ಸಾಕು, ಅಂದರೆ ನಿಮಗೆ ಸುಮಾರು 3,000 ಲೀಟರ್. ಆದರೆ ಡಬ್ಬದ ಮೇಲೆ 3,000 ಎಂದು ಬರೆದಿರುವ ಪಂಪು ತಂದರೆ ಅಷ್ಟು ಸಿಗುವುದಿಲ್ಲ. ಅದು ನೀರನ್ನು ಸ್ವಲ್ಪವೂ ಮೇಲೆತ್ತದಿದ್ದಾಗಿನ ಅಂಕಿ. ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ನೀರಿನ ಮಟ್ಟದವರೆಗಿನ ಎತ್ತರವನ್ನು ಅಳೆದು, ಪಂಪಿನ ಜೊತೆ ಬರುವ ನಕ್ಷೆಯಲ್ಲಿ ಆ ಎತ್ತರಕ್ಕೆ ಎಷ್ಟು ಹರಿವು ಎಂದು ನೋಡಿಕೊಳ್ಳಿ. ಪೈಪನ್ನು ತಿರುಗಿಸುವ ಎಲ್ಬೋಗಳು, ಪೈಪಿನ ಉದ್ದ ಹರಿವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಪೈಪಿನೊಳಗೆ ನೀರಿನ ವೇಗ ಎರಡರಷ್ಟಾದರೆ ಘರ್ಷಣೆಯ ನಷ್ಟ ಹೆಚ್ಚುಕಡಿಮೆ ನಾಲ್ಕರಷ್ಟಾಗುವುದರಿಂದ, ಪಂಪಿನ ಬಾಯಿ ಚಿಕ್ಕದಿದ್ದರೂ ಅಲ್ಲಿಂದ ಮುಂದೆ 25 ಮಿಲಿಮೀಟರಿನ ಬದಲು 32ರ ಪೈಪು ಹಾಕುವುದು ಲಾಭ. ಪಂಪಿನ ಬಳಿ ಒಂದು ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಪೈಪಿನ ಜೋಡಣೆ) ಇರಲೇಬೇಕು, ಇಲ್ಲದಿದ್ದರೆ ಪಂಪು ತೊಳೆಯಲು ಪೈಪನ್ನೇ ಕತ್ತರಿಸಬೇಕಾಗುತ್ತದೆ.

ರಂಧ್ರದ ವಿಷಯದಲ್ಲಿ ಒಂದೇ ಮಾತು: ಬಲ್ಕ್‌ಹೆಡ್ (ಗಾಜಿನ ರಂಧ್ರದಲ್ಲಿ ಸೋರದಂತೆ ಪೈಪನ್ನು ಕೂರಿಸುವ ಬಿಡಿಭಾಗ) ಕೈಗೆ ಬಂದ ಮೇಲೆ ಅದನ್ನು ಅಳೆದು ಗಾಜು ಕೊರೆಸಿ. ಪೈಪಿನ ಅಳತೆಗೂ ಅದಕ್ಕೆ ಬೇಕಾದ ರಂಧ್ರಕ್ಕೂ ಬಹಳ ವ್ಯತ್ಯಾಸವಿದೆ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಕೊರೆಯಲು ಹೋದರೆ ಅದು ಪುಡಿಪುಡಿಯಾಗುತ್ತದೆ.

ಇನ್ನೊಂದು ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನೀರು ಇಳಿಯುವ ಪೈಪಿನ ಬಗ್ಗೆ ಬರೆಯಲಿಲ್ಲ. ಟ್ಯಾಂಕ್ ಕೂಡುವ ಕೋಣೆಯಲ್ಲೇ ಇಡುವುದಾದರೆ ದಿನವಿಡೀ ಕಿವಿಗೆ ಬೀಳುವುದು ಅದರ ಸದ್ದೇ.

ನಾನು ಮೊದಲು ಒಂದೇ ಪೈಪು ಹಾಕಿಸಿದ್ದೆ. ಅದು ಗಾಳಿಯನ್ನೂ ನೀರನ್ನೂ ಒಟ್ಟಿಗೆ ನುಂಗುತ್ತ ಇಡೀ ರಾತ್ರಿ ಗುಳುಗುಳು ಎನ್ನುತ್ತಿತ್ತು. ಮೇಲಿನ ತುದಿಗೆ T ಆಕಾರದ ಜೋಡಣೆ ಕೂರಿಸಿ, ಮುಚ್ಚಳದಲ್ಲಿ ಸಣ್ಣ ಗಾಳಿರಂಧ್ರ ಮಾಡುವ ಡರ್ಸೊ ಪೈಪಿಗೆ ಬದಲಿಸಿದಾಗ ಸದ್ದು ಅರ್ಧಕ್ಕಿಳಿಯಿತು. ಪೂರ್ತಿ ನಿಂತದ್ದು ಎರಡು ಪೈಪುಗಳ ವ್ಯವಸ್ಥೆಗೆ ಬಂದ ಮೇಲೆ. ಹವ್ಯಾಸಿಗಳು ಇದನ್ನು ಹರ್ಬಿ ಓವರ್‌ಫ್ಲೋ ಎನ್ನುತ್ತಾರೆ. ಮೊದಲ ಪೈಪಿನ ಬಾಯಿ ಸದಾ ಮುಳುಗಿರುತ್ತದೆ, ಅದರಲ್ಲಿ ಗಾಳಿಯೇ ಇಲ್ಲದೆ ನೀರು ತುಂಬಿ ಹರಿಯುತ್ತದೆ. ಸಂಪಿನ ಬಳಿ ಅದಕ್ಕೊಂದು ವಾಲ್ವ್ ಇಟ್ಟು, ಪಂಪು ಮೇಲೆ ಕಳಿಸಿದಷ್ಟನ್ನೇ ಇಳಿಸುವಂತೆ ಹೊಂದಿಸಬೇಕು. ಎರಡನೆಯ ಪೈಪಿನ ಬಾಯಿ ಸ್ವಲ್ಪ ಎತ್ತರದಲ್ಲಿದ್ದು, ಮೊದಲನೆಯದು ಕಟ್ಟಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಆ ಎರಡನೆಯದಕ್ಕೆ ಯಾವ ಕಾರಣಕ್ಕೂ ವಾಲ್ವ್ ಬೇಡ.

ಹೊಂದಿಸಲು, ಹಲವು ಸುತ್ತು ತಿರುಗಿಸಿ ನಿಧಾನವಾಗಿ ತೆರೆಯುವ ಗೇಟ್ ವಾಲ್ವ್ ಬೇಕು. ಬಾಲ್ ವಾಲ್ವ್ ಕಾಲು ಸುತ್ತಿಗೇ ಪೂರ್ತಿ ತೆರೆದುಕೊಳ್ಳುವುದರಿಂದ, ಕೂದಲೆಳೆಯಷ್ಟು ತಿರುಗಿಸಿದರೂ ಮಟ್ಟ ಏರಿಳಿಯುತ್ತದೆ. ನಾನು ಒಂದು ಸಂಜೆಯೆಲ್ಲ ಅದರ ಹಿಡಿಕೆಯನ್ನು ಬೆರಳ ತುದಿಯಿಂದ ತಟ್ಟುತ್ತ ಕುಳಿತಿದ್ದೆ. ಗೇಟ್ ವಾಲ್ವ್ ಕೊಳ್ಳುವಾಗ ಹಿತ್ತಾಳೆಯದನ್ನು ತರಬೇಡಿ, ಪ್ಲಾಸ್ಟಿಕ್ಕಿನದೇ ಇರಲಿ. ಹಿತ್ತಾಳೆಯಿಂದ ನೀರಿಗೆ ಬಿಡುವ ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ. ಮೇಲಿನವರ ಚೆಕ್ ವಾಲ್ವಿಗೆ ಬಹುಶಃ ಅದೇ ಬೇಕಿತ್ತೇನೋ!

ಮತ್ತೊಂದು ಉತ್ತರ

ಟ್ಯಾಂಕಿನೊಳಗಿನ ಹರಿವನ್ನೂ ಸಂಪಿನ ಪಂಪಿನಿಂದಲೇ ಪಡೆಯಲು ಹೋಗಬೇಡಿ. ಆರು ಅಡಿ ಉದ್ದದಲ್ಲಿ ಒಂದು ಮೂಲೆ ಖಂಡಿತ ನಿಂತ ನೀರಾಗುತ್ತದೆ. ಆಹಾರದ ನುಣ್ಣನೆಯ ಪುಡಿಯನ್ನು ಚಿಟಿಕೆಯಷ್ಟು ಹಾಕಿ, ಅದು ಎಲ್ಲಿ ಓಡುತ್ತದೆ, ಎಲ್ಲಿ ಸುಮ್ಮನೆ ತಳಕ್ಕೆ ಇಳಿಯುತ್ತದೆ ಎಂದು ಬದಿಯಿಂದ ನೋಡಿ. ಇಳಿಯುವ ಕಡೆಗೆ ಮುಖ ಮಾಡಿ ಸಣ್ಣ ವೇವ್ ಮೇಕರ್ (ಟ್ಯಾಂಕಿನೊಳಗೇ ನೀರನ್ನು ತಳ್ಳುವ ಪಂಪು) ಕೂರಿಸಿದರೆ ಸಾಕು. ಸಸ್ಯಗಳು ತೂಗಾಡಬೇಕು, ಮಲಗಬಾರದು.

ಕೋರಿದವರಿಂದ

ಎಲ್ಲರಿಗೂ ಧನ್ಯವಾದಗಳು. ಒಂದೇ ರಂಧ್ರ ಮಾಡಿಸುವವನಿದ್ದೆ, ಈಗ ಇಳಿಯುವುದಕ್ಕೆ ಎರಡು, ಹಿಂದಿರುಗುವುದು ಅಂಚಿನ ಮೇಲಿಂದ ಎಂದು ಬದಲಿಸಿದ್ದೇನೆ. ಒಂದು ಸಂದೇಹ ಉಳಿದಿದೆ: ಇಳಿಯುವ ಎರಡೂ ಪೈಪು ಕಟ್ಟಿಕೊಂಡು ಪಂಪು ಮಾತ್ರ ಓಡುತ್ತಿದ್ದರೆ ಟ್ಯಾಂಕ್ ಉಕ್ಕುವುದಿಲ್ಲವೇ?

ಉತ್ತರ

ಆ ಲೆಕ್ಕವೂ ಅಷ್ಟೇ ಸರಳ. ಸಂಪಿನೊಳಗೆ ಪಂಪಿಗೆಂದು ಅಡ್ಡಗಾಜಿನಿಂದ ಬೇರ್ಪಡಿಸಿದ ಕೋಣೆಯಲ್ಲಿ ಎಷ್ಟು ನೀರಿದೆಯೋ ಅಷ್ಟನ್ನೇ ಅದು ಮೇಲೆ ಕಳಿಸಬಲ್ಲದು. ಟ್ಯಾಂಕಿನಲ್ಲಿ ನೀರಿನ ಮೇಲೆ ನಾಲ್ಕು ಸೆಂಟಿಮೀಟರ್ ಬಿಟ್ಟಿದ್ದರೆ 44 ಲೀಟರ್ ಹಿಡಿಯುತ್ತದೆ. ಸಂಪಿನಲ್ಲಿ ಆ ಕೋಣೆಯ ತಳವನ್ನು 40 ಸೆಂಟಿಮೀಟರ್ ಚೌಕ ಮಾಡಿಸಿ, ಪಂಪಿನ ಬಾಯಿಯಿಂದ ಮೇಲೆ 20 ಸೆಂಟಿಮೀಟರ್ ಮಾತ್ರ ನೀರು ನಿಲ್ಲಿಸಿದರೆ 32 ಲೀಟರ್ ಆಗುತ್ತದೆ. ಅಷ್ಟೂ ಮೇಲೆ ಹೋದರೂ ಉಕ್ಕುವುದಿಲ್ಲ, ಪಂಪು ಒಣಗಿ ಕೂಗುತ್ತದೆ. ಆ ಕೂಗು ಕೇಳಿದೊಡನೆ ಸ್ವಿಚ್ ಆರಿಸಿ.

ಮೀನು ಬಿಡುವ ಮೊದಲು ಎರಡನ್ನೂ ಬೇಕೆಂದೇ ಮಾಡಿ ನೋಡಿ: ಒಮ್ಮೆ ಪಂಪು ಆರಿಸಿ, ಇನ್ನೊಮ್ಮೆ ಇಳಿಯುವ ಪೈಪುಗಳ ಬಾಯಿಗೆ ಬಟ್ಟೆ ತುರುಕಿ. ಎರಡರಲ್ಲೂ ನೆಲ ಒಣಗಿದ್ದರೆ, ಪಂಪು ಓಡುತ್ತಿರುವಾಗ ಸಂಪಿನಲ್ಲಿ ನೀರು ನಿಲ್ಲುವ ಮಟ್ಟಕ್ಕೆ ಗಾಜಿನ ಹೊರಗಿನಿಂದ ಟೇಪು ಅಂಟಿಸಿ. ಆವಿಯಾದ ನೀರನ್ನು ತುಂಬಿಸುವ ಮನೆಯವರಿಗೆಲ್ಲ ಆ ಟೇಪನ್ನು ತೋರಿಸಿಡಿ.